ಹೊಳೆ ಹಿಡಿದು ಘಟ್ಟ ಹತ್ತುವ ಹನಿಮೂನ್

ಬೆಟ್ಟ, ಸರೋವರ ನೋಡಲು ಹನಿಮೂನಿಗೆ ಹೊರಡುತ್ತೇವೆ ಎಂದು ಕುಂದಾಪುರ ಕಡೆಯ ಹೊಸ ಮದುಮಕ್ಕಳು ಬಾಯಿಬಿಟ್ಟರೆ ಮನೆಯ ಹಿರಿಯರಿಂದ ಬರುವ ಮೊದಲ ಮಾತು: “ನೀರ್ ಕಾಂಬುಕೆ ಇಲ್ಲಿಂದ ಹೋಪುದಾ?” ಕೇಳುವುದರಲ್ಲಿ ತಪ್ಪೇನಿಲ್ಲ. ತೋಟದಾಚೆ ಹೊಳೆ, ಹೊಳೆಯಾಚೆ ಕಡಲು, ವರ್ಷಕ್ಕೆ ನಾಲ್ಕು ತಿಂಗಳು ತಲೆ ಮೇಲೆ ಮಳೆ. ನೀರಿನಲ್ಲೇ ಹುಟ್ಟಿ ಬೆಳೆದವರು ನೀರು ನೋಡಲು ದುಡ್ಡು ಕೊಟ್ಟು ಹೋಗುವುದೆಂದರೆ ನಗು ಬಾರದೆ ಇರುತ್ತದೆಯೇ.

ಮದುಮಕ್ಕಳ ತಲೆಯಲ್ಲಿರುವ ನೀರೇ ಬೇರೆ. ಸುತ್ತ ಬೆಟ್ಟ, ನಡುವೆ ಅಲುಗದ ನೀಲಿ ನೀರು, ದಡದಲ್ಲಿ ಒಂದು ಮನೆ, ಬೆಳಗಿನ ಮಂಜು: ಸಿನಿಮಾ ಹಾಡುಗಳು ನಮಗೆಲ್ಲ ಕಲಿಸಿಕೊಟ್ಟ ಸ್ವಿಟ್ಜರ್ಲೆಂಡ್. ಅದಕ್ಕೆ ಹತ್ತಿರದ ನೋಟ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಒಂದು ಘಟ್ಟ ಹತ್ತಿದರೆ ಸಿಗುತ್ತದೆ. ಎತ್ತರದ ಲೆಕ್ಕಕ್ಕೇ ಬಂದರೆ ಆಗುಂಬೆ ಊರು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲಿದೆ. ಆಲ್ಪ್ಸ್ ನೋಡಲು ಹೋದವರೆಲ್ಲ ತಂಗುವ ಇಂಟರ್‌ಲಾಕೆನ್ ಪಟ್ಟಣ ಸುಮಾರು 570 ಮೀಟರ್! ಅಲ್ಲಿ ಊರಿನ ಮೇಲೆ ಇನ್ನೂ ಮೂರು ಸಾವಿರ ಮೀಟರ್ ಬೆಟ್ಟ ನಿಂತಿದೆ, ನಮ್ಮಲ್ಲಿ ಇಲ್ಲ. ಆ ವ್ಯತ್ಯಾಸವನ್ನು ಒಪ್ಪಿಕೊಂಡು ಹೊರಟರೆ ಘಟ್ಟದ ಮೇಲಿನ ನಾಲ್ಕೈದು ದಿನ ಚೆನ್ನಾಗಿ ಕಳೆಯುತ್ತದೆ.

ಆದರೆ ಹೋಗಿ ನಿರಾಸೆಯಿಂದ ಬಂದವರೂ ಇದ್ದಾರೆ. ಹಿನ್ನೀರು ನೋಡಲು ಹೋದರೆ ಕೆಂಪು ಕೆಸರು, ಕೊಡಚಾದ್ರಿಗೆ ಹೋದರೆ ಕೈಗೆ ಕೈ ಕಾಣದ ಮೋಡ, ಆಗುಂಬೆಗೆ ಹೋದರೆ ಸೂರ್ಯನೇ ಇಲ್ಲ. ಜಾಗದ ಆಯ್ಕೆ ತಪ್ಪಿದ್ದಲ್ಲ, ತಿಂಗಳು ತಪ್ಪಿದ್ದು. ಈ ಸೀಮೆಯಲ್ಲಿ ಪ್ರವಾಸ ಹೊಂದಿಸುವಾಗ ಎಲ್ಲಿಗೆ ಎಂಬುದಕ್ಕಿಂತ ಯಾವಾಗ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಮೇಲಿನ ಸರೋವರ ಎಲ್ಲಿಂದ ಬಂತು

ಆಲ್ಪ್ಸ್‌ನ ದೊಡ್ಡ ಸರೋವರಗಳ ಹಾಸನ್ನು ಕೊರೆದದ್ದು ಹಿಮನದಿಗಳು. ನಮ್ಮ ಘಟ್ಟದಲ್ಲಿ ಹಿಮವೂ ಇಲ್ಲ, ಅಂಥ ಸಹಜ ಸರೋವರವೂ ಇಲ್ಲ. ಘಟ್ಟದ ಮೇಲೆ ಬೆಟ್ಟಗಳ ನಡುವೆ ಕಾಣುವ ವಿಶಾಲ ನೀರೆಲ್ಲ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ವಾರಾಹಿಗೆ ಮಾಣಿ ಅಣೆಕಟ್ಟು ಇದೆ. ಅದೇ ಸೀಮೆಯಲ್ಲಿ ಚಕ್ರಾ, ಸಾವೇಹಕ್ಲು ಜಲಾಶಯಗಳಿವೆ.

ಇದನ್ನು ತಿಳಿದುಕೊಂಡರೆ ಎರಡು ಉಪಯೋಗ. ಮೊದಲನೆಯದು, ಆ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ ಎಂಬುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ತುಂಬಿಸುತ್ತದೆ, ಆಮೇಲೆ ಟರ್ಬೈನ್‌ಗಳು ದಿನದಿನವೂ ಇಳಿಸುತ್ತವೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಅದರ ಹತ್ತಿರ ಬರುತ್ತದೆ. ಏಪ್ರಿಲ್, ಮೇ ಬಂತೆಂದರೆ ನೀರು ಹಿಂದೆ ಸರಿದು ದಡದುದ್ದಕ್ಕೂ ಬೋಳು ಕೆಮ್ಮಣ್ಣು, ಮರದ ಬೊಡ್ಡೆಗಳು ಏಳುತ್ತವೆ. ಶರಾವತಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ತಲೆ ಎತ್ತಿ ನಿಲ್ಲುತ್ತದೆ. ಹಳೆಯ ಕಟ್ಟಡ ನೋಡುವ ಆಸೆ ಇದ್ದವರಿಗೆ ಮೇ ತಿಂಗಳೇ ಸರಿ. ತುಂಬಿದ ಸರೋವರ ಬೇಕಾದವರಿಗೆ ಅಲ್ಲ.

ಎರಡನೆಯದು, ಆ ನೀರಿನ ಕೆಳಗೆ ಮನೆ, ಗದ್ದೆ, ತೋಟಗಳಿದ್ದವು. ಮುಳುಗಡೆಯಿಂದ ಎದ್ದುಹೋದ ಸಾವಿರಾರು ಕುಟುಂಬಗಳಲ್ಲಿ ಅನೇಕರ ಜಮೀನಿನ ಹಕ್ಕಿನ ಪ್ರಶ್ನೆ ಈಗಲೂ ಬಗೆಹರಿದಿಲ್ಲ. ನೀವು ತಂಗುವ ಹೋಮ್‌ಸ್ಟೇಯ ಯಜಮಾನರೂ ಅಂಥ ಮನೆಯವರೇ ಇರಬಹುದು. ರಾತ್ರಿ ಊಟದ ನಂತರ ಜಗಲಿಯಲ್ಲಿ ಕೂತು ಕೇಳಿದರೆ ಹೇಳುತ್ತಾರೆ, ಯಾವ ಗೈಡೂ ಹೇಳದ ಕಥೆ ಅದು.

ಮೂರು ಪಂಚಾಂಗ

ದಿನ ಗೊತ್ತುಮಾಡುವ ಮುಂಚೆ ಮೂರು ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಮನೆಯ ಪಂಚಾಂಗ. ಮದುವೆ ಮುಗಿದ ಮಾರನೆ ದಿನ ಬ್ಯಾಗು ಹಿಡಿದು ಹೊರಡುವುದು ನಮ್ಮ ಕಡೆ ನಡೆಯದ ಮಾತು. ಹೆಣ್ಣಿನ ಮನೆಗೆ ಒಮ್ಮೆ ಹೋಗಿ ಬರಬೇಕು, ಹತ್ತಿರದ ನೆಂಟರು ಊಟಕ್ಕೆ ಕರೆದಿರುತ್ತಾರೆ, ಕೊಲ್ಲೂರಿಗೋ ಮಂದಾರ್ತಿಗೋ ಆನೆಗುಡ್ಡೆಗೋ ಹಣ್ಣುಕಾಯಿ ಮಾಡಿಸುವುದಿರುತ್ತದೆ. ಇವಕ್ಕೆಲ್ಲ ಒಂದು ವಾರ ತೆಗೆದಿಟ್ಟು ಎಂಟನೆಯ ದಿನಕ್ಕೆ ರೂಮು ಬುಕ್ ಮಾಡಿದರೆ ಯಾರ ಮುಖವೂ ಸಣ್ಣದಾಗುವುದಿಲ್ಲ. ಹುಡುಗ ಬೆಂಗಳೂರಿನ ಹೋಟೆಲಿನಿಂದಲೋ ಮುಂಬೈಯಿಂದಲೋ ಗಲ್ಫ್‌ನಿಂದಲೋ ರಜೆ ಹಾಕಿ ಬಂದವನಾದರೆ ಈ ಲೆಕ್ಕ ಇನ್ನೂ ಬಿಗಿ. ರಜೆ ಕೇಳುವಾಗಲೇ ಔತಣದ ದಿನಗಳನ್ನೂ ಕೂಡಿಸಿ ಕೇಳಬೇಕು. ಇನ್ನು ಆಸಾಡಿ. ಹೊಸ ಮದುಮಗಳು ತೌರಿಗೆ ಹೋಗುವ ತಿಂಗಳು. ಹೇಗೂ ಅದು ಘಟ್ಟದಲ್ಲಿ ಜಡಿಮಳೆಯ ಕಾಲ, ಅಲ್ಲಿಗೆ ಹಿರಿಯರ ಪದ್ಧತಿಗೂ ಹವಾಮಾನಕ್ಕೂ ಜಗಳ ಇಲ್ಲ.

ಎರಡನೆಯದು ಮಳೆಯ ಪಂಚಾಂಗ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಹುಲಿಕಲ್ ಕಡೆ ಅದಕ್ಕೂ ಮಿಗಿಲಾಗಿ ಸುರಿದ ವರ್ಷಗಳಿವೆ. ಕಡಲಿನಿಂದ ಬಂದ ತೇವದ ಗಾಳಿ ಎದುರಿಗೆ ನಿಂತ ಬೆಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದ ಆವಿಯೇ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಗುಡ್ಡ ಜರಿಯುವುದು, ಮರ ಬೀಳುವುದು, ಜಿಲ್ಲಾಡಳಿತ ಸಂಚಾರ ತಡೆಯುವುದು ಸಾಮಾನ್ಯ. ಅಬ್ಬಿಗಳು ತುಂಬಿ ಧುಮುಕುವುದನ್ನು ನೋಡಲೇಬೇಕು ಎನ್ನುವವರು ಸೆಪ್ಟೆಂಬರ್ ಕೊನೆಯವರೆಗೆ ತಡೆದರೆ ನೀರೂ ಇರುತ್ತದೆ, ದಾರಿಯೂ ಇರುತ್ತದೆ.

ಮೂರನೆಯದು ಆಗಲೇ ಹೇಳಿದ ಹಿನ್ನೀರಿನ ಪಂಚಾಂಗ. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಘಟ್ಟದ ಹನಿಮೂನಿಗೆ ಒಳ್ಳೆಯ ಕಿಟಕಿ ತೆರೆಯುವುದು ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಜಲಾಶಯ ತುಂಬಿರುತ್ತದೆ, ಆಕಾಶ ತೊಳೆದಂತಿರುತ್ತದೆ, ಬೆಳಿಗ್ಗೆ ಶಾಲು ಹೊದೆಯುವಷ್ಟು ಚಳಿ. ಫೆಬ್ರವರಿ, ಮಾರ್ಚ್ ನಡೆಯುತ್ತದೆ. ನಮ್ಮ ಮದುವೆಗಳು ಸಾಲುಗಟ್ಟುವ ಏಪ್ರಿಲ್, ಮೇ ಇದಕ್ಕೆ ಕೊನೆಯ ಆಯ್ಕೆ. ಮೇ ತಿಂಗಳ ಮದುಮಕ್ಕಳಿಗೆ ಬೇರೆ ದಾರಿ ಇದೆ, ಅದನ್ನು ಕೊನೆಯಲ್ಲಿ ನೋಡೋಣ.

ಮೂರು ಹೊಳೆ, ಮೂರು ಘಟ್ಟ

ನಕ್ಷೆ ತೆಗೆದು ನೋಡಿದರೆ ಈ ಮೂರು ತಾಲೂಕುಗಳಿಗೆ ಒಂದೊಂದು ಹೊಳೆ, ಆ ಹೊಳೆಯ ಜಾಡಿನಲ್ಲೇ ಹೆಚ್ಚುಕಡಿಮೆ ಒಂದೊಂದು ಘಟ್ಟದ ದಾರಿ. ಯಾವ ಜೋಡಿಗೆ ಯಾವ ದಾರಿ ಎಂದು ಹೀಗೆ ಆರಿಸಬಹುದು.

*ಬೈಂದೂರು: ಸೌಪರ್ಣಿಕಾ, ನಾಗೋಡಿ, ಕೊಡಚಾದ್ರಿ.* ಬೆಟ್ಟದ ತುದಿ ಬೇಕು, ನಡೆಯಲು ಬೇಸರವಿಲ್ಲ ಎನ್ನುವ ಜೋಡಿಗೆ ಇದು. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ಮೇಲೆ ಕೊಲ್ಲೂರಿಗೆ ಸುಮಾರು 40 ಕಿ.ಮೀ. ಬೈಂದೂರಿನಿಂದ ಇನ್ನೂ ಹತ್ತಿರ. ಕೊಲ್ಲೂರಿನಿಂದ ಮೂಕಾಂಬಿಕಾ ಅಭಯಾರಣ್ಯದ ನಡುವೆ ನಾಗೋಡಿ ಘಟ್ಟ ಹತ್ತಿದರೆ ಹೊಸನಗರ ತಾಲೂಕು, ನಿಟ್ಟೂರು. ಕೊಡಚಾದ್ರಿಯ ಎತ್ತರ 1,343 ಮೀಟರ್. ಮೇಲಿನ ಕಚ್ಚಾ ದಾರಿ ನಿಮ್ಮ ಕಾರಿಗಲ್ಲ, ಜೀಪಿಗೆ. ಕೊಲ್ಲೂರಿನಲ್ಲಿ, ನಿಟ್ಟೂರು ಕಡೆಯಲ್ಲಿ ಬಾಡಿಗೆ ಜೀಪುಗಳು ಸಿಗುತ್ತವೆ. ಸೀಟಿನ ಲೆಕ್ಕದಲ್ಲಿ ಹತ್ತಿದರೆ ಜೀಪು ತುಂಬುವವರೆಗೆ ಕಾಯಬೇಕು, ಅಪರಿಚಿತರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಲುಕಾಡಬೇಕು. ಹನಿಮೂನಿನಲ್ಲಿ ಒಂದೇ ಒಂದು ಕಡೆ ದುಡ್ಡು ಸಡಿಲ ಬಿಡುವುದಾದರೆ ಇಲ್ಲಿ ಪೂರ್ತಿ ಜೀಪು ಗೊತ್ತುಮಾಡಿ. ಬಾಡಿಗೆಯ ಜೊತೆಗೆ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಬೇಗ ಇಳಿಯುವ ಅವಸರ ಚಾಲಕರಿಗೆ ಇದ್ದೇ ಇರುತ್ತದೆ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಅಲ್ಲಿಂದ ಸರ್ವಜ್ಞ ಪೀಠದ ಕಲ್ಲುಮಂಟಪಕ್ಕೆ ಏರುದಾರಿಯ ನಡಿಗೆ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಕಡಲಿನ ಗೆರೆ, ಪೂರ್ವಕ್ಕೆ ಲಿಂಗನಮಕ್ಕಿಯ ಹಿನ್ನೀರು. ಬೆಟ್ಟವೊಂದರ ಮೇಲೆ ನಿಂತು ಎರಡೂ ಕಡೆ ನೀರು ನೋಡುವುದು ಸ್ವಿಟ್ಜರ್ಲೆಂಡಿನವರಿಗೆ ಸಿಗಬಹುದು, ಅದರಲ್ಲಿ ಒಂದು ಕಡಲಾಗಿರುವುದು ಸಿಗಲಾರದು.

*ಕುಂದಾಪುರ: ವಾರಾಹಿ, ಬಾಳೆಬರೆ, ಮಾಣಿ.* ಜನ ಬೇಡ, ಸದ್ದು ಬೇಡ ಎನ್ನುವವರ ದಾರಿ ಇದು. ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಟ್ಟ ಹತ್ತಬೇಕು. ಹುಲಿಕಲ್ ಘಾಟಿ ಎಂದರೂ ಇದೇ. ಹೊಸಂಗಡಿಯ ಹತ್ತಿರ ನೆಲದೊಳಗೆ ವಾರಾಹಿಯ ವಿದ್ಯುದಾಗಾರ ಇದೆ, 115 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವಾಟ್. ಮೇಲಿನ ಮಾಣಿ ಜಲಾಶಯದ ನೀರು ಸುರಂಗದಲ್ಲಿ ಇಳಿದು ಬಂದು ಇವನ್ನು ತಿರುಗಿಸುತ್ತದೆ. ವಿದ್ಯುದಾಗಾರ, ಅಣೆಕಟ್ಟು ಎರಡೂ ಅನುಮತಿ ಇಲ್ಲದೆ ಒಳಹೋಗುವ ಜಾಗಗಳಲ್ಲ. ಗೇಟಿನ ಮುಂದೆ ಕಾವಲಿನವರ ಜೊತೆ ವಾದ ಮಾಡಿ ದಿನ ಕೆಡಿಸಿಕೊಳ್ಳಬೇಡಿ. ಘಾಟಿಯಲ್ಲಿ ಚಂಡಿಕಾಂಬೆಯ ಗುಡಿಯ ಮುಂದೆ ವಾಹನಗಳು ನಿಂತು ಕೈಮುಗಿದು ಮುಂದೆ ಹೋಗುತ್ತವೆ. ನಿಮಗೂ ಕಾಲು ಸಡಿಲಿಸಲು ಅದೇ ಜಾಗ.

ಮೇಲೆ ಮಾಸ್ತಿಕಟ್ಟೆ, ಯಡೂರು, ನಗರ. ನಗರ ಎಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಕೆರೆಯ ಪಕ್ಕದ ಕೋಟೆಯನ್ನೂ, ಕಲ್ಲಿನಲ್ಲಿ ಕಟ್ಟಿದ ದೇವಗಂಗೆಯ ಕೊಳಗಳನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು. ಅರಮನೆಯವರ ಜಲಕ್ರೀಡೆಗೆ ಎಂದು ಹೆಸರಾದ ಈ ಕೊಳಗಳ ಕಟ್ಟೆಯ ಮೇಲೆ ಸುಮ್ಮನೆ ಒಂದು ಗಂಟೆ ಕೂರಲು ಬಂದರೆ ಸಾಕು, ಬೇರೆ ಕಾರ್ಯಕ್ರಮ ಬೇಕಿಲ್ಲ.

*ಬ್ರಹ್ಮಾವರ: ಸೀತಾ, ಹೆಬ್ರಿ, ಆಗುಂಬೆ.* ಮೊದಲ ಸಲ ಘಟ್ಟ ಹತ್ತುವವರಿಗೆ, ಉಳಿಯಲು ಊಟಕ್ಕೆ ಆಯ್ಕೆ ಬೇಕಾದವರಿಗೆ ಸುಲಭದ ದಾರಿ. ಬ್ರಹ್ಮಾವರದಿಂದ ಪೇತ್ರಿ ಮೇಲೆ ಹೆಬ್ರಿ, ಅಲ್ಲಿಂದ ಸೋಮೇಶ್ವರ, ಆಮೇಲೆ 14 ತಿರುವುಗಳ ಆಗುಂಬೆ ಘಾಟಿ. ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಭಾರೀ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ, ಓಡುವುದು ಮಿನಿ ಬಸ್ಸು. ಸೂರ್ಯಾಸ್ತದ ಕಟ್ಟೆ ಘಾಟಿಯ ನೆತ್ತಿಯಲ್ಲಿದೆ. ನವೆಂಬರ್‌ನಿಂದ ಜನವರಿಯ ತಿಳಿ ಸಂಜೆಗಳಲ್ಲಿ ಮಾತ್ರ ಸೂರ್ಯ ಪೂರ್ತಿ ಕಡಲಿಗಿಳಿಯುವುದು ಕಂಡೀತು. ಉಳಿದ ದಿನ ಮಂಜಿನೊಳಗೇ ಕರಗುತ್ತಾನೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಆಗುಂಬೆ ಪೇಟೆಯಲ್ಲೇ ಇದೆ. ಹತ್ತಿರದಲ್ಲಿ ಕುಂದಾದ್ರಿ: ಏಕಶಿಲೆಯಂತೆ ಎದ್ದ ಗುಡ್ಡ, ಮೇಲೆ ಜೈನ ಬಸದಿ, ಪಕ್ಕದಲ್ಲಿ ಕಲ್ಲಿನ ಕೊಳ. ತೀರ್ಥಹಳ್ಳಿ ಕಡೆ ಮುಂದುವರಿದರೆ ಕವಲೇದುರ್ಗದ ಕೋಟೆ, ಕುವೆಂಪು ಅವರ ಕುಪ್ಪಳಿ ಮನೆ, ಕವಿಶೈಲ.

ಐದು ದಿನದ ಒಂದು ಸುತ್ತು

ಒಂದು ಘಟ್ಟ ಹತ್ತಿ ಇನ್ನೊಂದರಲ್ಲಿ ಇಳಿದರೆ ಒಂದೇ ದಾರಿಯನ್ನು ಎರಡು ಸಲ ತುಳಿಯುವುದು ತಪ್ಪುತ್ತದೆ. ಮಾದರಿಗೆ ಹೀಗೊಂದು ಸುತ್ತು.

ಮೊದಲ ದಿನ ಬೆಳಿಗ್ಗೆ ಕೊಲ್ಲೂರಿನಲ್ಲಿ ಪೂಜೆ, ಮಧ್ಯಾಹ್ನದ ನಂತರ ನಾಗೋಡಿ ಹತ್ತಿ ನಿಟ್ಟೂರು ಆಸುಪಾಸಿನಲ್ಲಿ ತಂಗುವುದು. ಎರಡನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಜೀಪಿನಲ್ಲಿ ಕೊಡಚಾದ್ರಿ. ಹತ್ತು ಗಂಟೆಯ ಮೇಲೆ ಜನ ಹೆಚ್ಚು, ಬಿಸಿಲೂ ಹೆಚ್ಚು. ಸಂಜೆ ಎಲ್ಲಿಗೂ ಬೇಡ, ಮೈ ನೋವಿಗೆ ಬಿಸಿನೀರಿನ ಹಂಡೆ ಸಾಕು. ಮೂರನೆಯ ದಿನ ಹಿನ್ನೀರಿಗೆ. ಸಿಗಂದೂರಿಗೆ ಹೋಗುವವರಿಗೆ ಈಗ ಅನುಕೂಲ ಹೆಚ್ಚಾಗಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಕೇಬಲ್ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಸಾಗರ ಕಡೆಯಿಂದ ಬರುವವರು ಲಾಂಚಿಗಾಗಿ ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದ ಕಾಲ ಮುಗಿದಿದೆ. ದೋಣಿ ಹತ್ತುವ ಆಸೆ ಇದ್ದರೆ ಸಾಗರ ತಾಲೂಕಿನ ಹೊನ್ನೇಮರಡು ಕಡೆ ಹೋಗಬೇಕು, ಅಲ್ಲಿ ತರಬೇತಾದವರು ಲೈಫ್ ಜಾಕೆಟ್ ತೊಡಿಸಿ ನೀರಿಗೆ ಇಳಿಸುತ್ತಾರೆ.

ನಾಲ್ಕನೆಯ ದಿನ ನಗರದ ಕೋಟೆ, ದೇವಗಂಗೆ ನೋಡಿಕೊಂಡು ತೀರ್ಥಹಳ್ಳಿ ಕಡೆಗೆ. ಐದನೆಯ ದಿನ ಕವಲೇದುರ್ಗ ಅಥವಾ ಕುಪ್ಪಳಿ, ಎರಡರಲ್ಲಿ ಒಂದು. ಸಂಜೆ ಆಗುಂಬೆಯ ಸೂರ್ಯಾಸ್ತ ಮುಗಿಸಿ ಪೂರ್ತಿ ಕತ್ತಲಾಗುವ ಮುಂಚೆ ಘಾಟಿ ಇಳಿದು ಹೆಬ್ರಿ, ಬ್ರಹ್ಮಾವರ.

ಘಟ್ಟದ ದಾರಿಯಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಎಂದು ಲೆಕ್ಕ ಹಾಕಿ. ಮೊಬೈಲಿನ ನಕ್ಷೆ ಹೇಳುವ ಹೊತ್ತಿನ ಮೇಲೆ ಮೂರನೇ ಒಂದು ಪಾಲು ಸೇರಿಸಿ. ದಿನಕ್ಕೆ ನೋಡುವ ಜಾಗ ಎರಡು ಮೀರಬಾರದು. ಹನಿಮೂನಿಗೆ ಹೋಗಿ ಬಂದವರು ಜಗಳವಾಡಿದ್ದು ಹೆಚ್ಚಾಗಿ ಮೂರನೆಯ ಜಾಗಕ್ಕೆ ಓಡುವ ದಾರಿಯಲ್ಲೇ!

ಕಾಡಿನ ಕಟ್ಟಳೆ, ಮೈಯ ಜೋಪಾನ

ಈ ಸುತ್ತಿನ ಬಹುಪಾಲು ಅಭಯಾರಣ್ಯ ಅಥವಾ ಮೀಸಲು ಅರಣ್ಯದ ಅಂಚಿನಲ್ಲಿದೆ. ಅನುಮತಿ ಬೇಕಾದ ಚಾರಣದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ಹಳೆಯ ವಿಡಿಯೋದಲ್ಲಿ ಕಂಡ ಅಬ್ಬಿಗೆ ಈಗ ಪ್ರವೇಶ ಇರಲಿಕ್ಕಿಲ್ಲ. ಹೊರಡುವ ಹಿಂದಿನ ದಿನ ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಕೇಳುವುದೇ ಸರಿಯಾದ ದಾರಿ.

ಮಳೆಗಾಲಕ್ಕೆ ಉಂಬಳ, ಬೇಸಿಗೆಗೆ ಉಣುಗು. ಉಂಬಳದಿಂದ ಕೆಡುಕಿಲ್ಲ. ಉದ್ದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಅಥವಾ ಸುಣ್ಣ ಇದ್ದರೆ ಸಾಕು. ಉಣುಗಿನ ಮಾತು ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಚಳಿಗಾಲದ ನಡುವಿನಿಂದ ಬೇಸಿಗೆಯವರೆಗೆ ಅದರ ಕಾಲ. ಹಾಗೆಂದು ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮಂಗ ಸತ್ತ ಸುದ್ದಿ ಇದ್ದ ಕಾಡಿಗೆ ಕಾಲಿಡಬೇಡಿ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹಿನ್ನೀರಿಗೆ ಈಜಲು ಇಳಿಯುವುದು ಬೇಡವೇ ಬೇಡ. ಹೊಳೆಯಲ್ಲಿ ಈಜು ಕಲಿತ ಗಟ್ಟಿಗರಿಗೂ ಈ ಮಾತು ಹೇಳಬೇಕಾಗುತ್ತದೆ. ಮೇಲೆ ಕನ್ನಡಿಯಂಥ ನೀರು, ಕೆಳಗೆ ಅರ್ಧ ಶತಮಾನದಿಂದ ನಿಂತ ಮರದ ಬೊಡ್ಡೆ, ಜಾರುವ ಹೂಳು, ಒಮ್ಮೆಗೇ ಆಳಕ್ಕೆ ಕುಸಿಯುವ ದಡ. ಮಳೆಗಾಲದಲ್ಲಿ ಮರವಂತೆ, ಬೈಂದೂರಿನ ಸೋಮೇಶ್ವರದ ಕಡಲಿಗೂ ಇದೇ ಮಾತು ಅನ್ವಯ.

ಹೊರಡುವ ಮುಂಚೆ ಕಾರಿನ ಬ್ರೇಕು, ಟಯರು ನೋಡಿಸಿ. ಇಂಧನವನ್ನು ಕೆಳಗೇ ತುಂಬಿಸಿ. ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬರದೆ ಎರಡನೆಯ ಗೇರಿನಲ್ಲಿ ಇಳಿಯಿರಿ. ಏರುವ ವಾಹನಕ್ಕೆ ದಾರಿ ಬಿಡುವುದು ಘಟ್ಟದ ಹಳೆಯ ಮರ್ಯಾದೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗ ಬಹಳ, ಹಾಗಾಗಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಕೈಯಲ್ಲಿ ನಗದು ಇಟ್ಟುಕೊಳ್ಳಿ. ತಿರುವಿನಲ್ಲಿ ಹೊಟ್ಟೆ ತೊಳಸುವವರು ತಿಂಡಿ ತಿಂದ ಕೂಡಲೆ ಘಾಟಿ ಹತ್ತಬಾರದು. ಹೋಮ್‌ಸ್ಟೇ ಗೊತ್ತುಮಾಡುವಾಗ ಮೂರು ಪ್ರಶ್ನೆ ಸಾಕು: ಬಿಸಿನೀರು, ರಾತ್ರಿ ಕರೆಂಟು ಹೋದರೆ ಏನು, ಮನೆಯವರು ಜೊತೆಗಿರುತ್ತಾರೆಯೇ. ಇಬ್ಬರ ಗುರುತಿನ ಚೀಟಿಯೂ ಕೈಯಲ್ಲಿರಲಿ. ಊಟಕ್ಕೆ ಮಲೆನಾಡಿನ ಕಡುಬು, ಅಕ್ಕಿ ರೊಟ್ಟಿ ಸಿಗುತ್ತದೆ. ಐದು ದಿನ ಮೀನಿಲ್ಲದೆ ಹೇಗೆ ಎನ್ನುವವರು ಇಳಿದು ಬಂದ ದಿನ ಕಾಣೆ ಫ್ರೈ ತಿಂದು ಸಮಾಧಾನ ಮಾಡಿಕೊಳ್ಳಬೇಕು.

ಆಲ್ಪ್ಸೇ ಬೇಕು ಎನ್ನುವವರಿಗೆ

ಮೇ ತಿಂಗಳಲ್ಲಿ ಮದುವೆಯಾದವರಿಗೆ ನಮ್ಮ ಹಿನ್ನೀರು ಕೈಕೊಡುತ್ತದೆ ಎಂದೆನಲ್ಲ. ಅದೇ ಹೊತ್ತಿಗೆ ಆಲ್ಪ್ಸ್‌ನ ಕಥೆ ತಿರುಗಾಮುರುಗಾ. ಅಲ್ಲಿ ಬೇಸಿಗೆ ಹತ್ತಿದಂತೆ ಹಿಮ ಕರಗಿ ಸರೋವರ ಏರುತ್ತದೆ. ಚಳಿಗಾಲದಲ್ಲಿ ವಿರಳವಾಗಿದ್ದ ದೋಣಿಗಳು ಓಡಾಡುತ್ತವೆ, ಜೂನ್ ಹೊತ್ತಿಗೆ ಎತ್ತರದ ಕಾಲುದಾರಿಗಳು ತೆರೆಯುತ್ತವೆ. ಹಾಗಾಗಿ ಡಿಸೆಂಬರಿನ ಮದುಮಕ್ಕಳಿಗೆ ಘಟ್ಟ, ಮೇ ತಿಂಗಳವರಿಗೆ ಜೂನ್‌ನ ಆಲ್ಪ್ಸ್ ಎಂಬುದು ಸರಳ ಸೂತ್ರ. ಖರ್ಚಿನ ಮಾತು ಬೇರೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಇರುವಂತೆ ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. 2024ರ ಜೂನ್‌ನಿಂದ ಶುಲ್ಕ ಒಬ್ಬರಿಗೆ 90 ಯೂರೋ, ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಹಲವು ದೇಶ ಸುತ್ತುವುದಾದರೆ ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅಲ್ಲಿನ ವೀಸಾಕ್ಕೆ ಅರ್ಜಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಹೊಸ ಪಾಸ್‌ಪೋರ್ಟ್ ಆಗಬೇಕಿದ್ದರೆ ಉಡುಪಿ, ಮಂಗಳೂರಿನ ಕೇಂದ್ರಗಳಿವೆ.

ಮದುವೆಯ ಗಡಿಬಿಡಿಯಲ್ಲಿ ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಮದುವೆಯಾದ ಮೇಲೆ ಹುಡುಗಿ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ಇರುವ ಪಾಸ್‌ಪೋರ್ಟಿನ ಹೆಸರಿನಲ್ಲೇ ವೀಸಾ, ಅದೇ ಹೆಸರಿನಲ್ಲೇ ವಿಮಾನದ ಟಿಕೆಟ್, ಒಂದು ಅಕ್ಷರವೂ ಆಚೀಚೆ ಆಗಬಾರದು. ಮದುವೆಗೆ ಮುಂಚೆಯೇ ಅರ್ಜಿ ಹಾಕುವುದಾದರೆ ಇಬ್ಬರೂ ಬೇರೆಬೇರೆಯಾಗಿ ತಮ್ಮತಮ್ಮ ಸಂಬಳ, ಬ್ಯಾಂಕಿನ ಕಾಗದ ತೋರಿಸಬೇಕು. ಮದುವೆಯ ನಂತರವಾದರೆ ಉಪನೋಂದಣಾಧಿಕಾರಿ ಕಚೇರಿಯ ಮದುವೆ ಪ್ರಮಾಣಪತ್ರ ನೆರವಿಗೆ ಬರುತ್ತದೆ. 2024ರ ಫೆಬ್ರವರಿಯಿಂದ ಹಿಂದೂ ವಿವಾಹ ನೋಂದಣಿಗೆ ‘ಕಾವೇರಿ’ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯ ಸೌಲಭ್ಯವೂ ಇದೆ.

ಅಲ್ಲಿ ಹೋದ ಮೇಲೆ ದಿನಕ್ಕೊಂದು ಊರು ಬದಲಿಸಬೇಡಿ. ಥುನ್ ಮತ್ತು ಬ್ರಿಯೆಂಜ್ ಸರೋವರಗಳ ನಡುವಿನ ಇಂಟರ್‌ಲಾಕೆನ್‌ನಲ್ಲಿ, ಇಲ್ಲವೇ ಹತ್ತಿರದ ಹಳ್ಳಿಯಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದು ನಾಲ್ಕೈದು ರಾತ್ರಿ ನಿಲ್ಲುವುದು ಮೇಲು. ಕುಚ್ಚಲಕ್ಕಿ ಗಂಜಿಗೂ ಉಪ್ಪಿನಕಾಯಿಗೂ ಅಲ್ಲೇ ಜಾಗವಾಗುತ್ತದೆ. ಸ್ವಿಸ್ ಟ್ರಾವೆಲ್ ಪಾಸಿನಲ್ಲಿ ರೈಲು, ಬಸ್ಸು, ಸರೋವರದ ದೋಣಿ ಎಲ್ಲ ಸೇರುತ್ತದೆ. ಯುಂಗ್‌ಫ್ರಾವ್‌ಯೋಖ್‌ನ ಬೆಟ್ಟದ ರೈಲಿಗೆ ಮಾತ್ರ ರಿಯಾಯಿತಿ, ಪೂರ್ತಿ ಉಚಿತವಲ್ಲ. 3,454 ಮೀಟರ್ ಎತ್ತರದ ಆ ನಿಲ್ದಾಣ ಕೊಡಚಾದ್ರಿಯ ಎರಡೂವರೆ ಪಟ್ಟು. ಕಡಲಮಟ್ಟದ ಊರಿನಿಂದ ಹೋದವರಿಗೆ ಉಸಿರು ಗಿಡ್ಡವೆನಿಸುವುದು ಸಹಜ. ಮೊದಲ ದಿನವೇ ಹತ್ತಬೇಡಿ. ಟಿಕೆಟ್ ಕೊಳ್ಳುವ ಮುಂಚೆ ಮೇಲಿನ ಕ್ಯಾಮೆರಾದ ನೇರ ಚಿತ್ರ ನೋಡಿ. ಮೋಡ ಮುಚ್ಚಿದ್ದರೆ ಅಲ್ಲೂ ನಮ್ಮ ಆಗುಂಬೆಯ ಆಟವೇ.

ಕೊನೆಯ ರಾತ್ರಿ ಕೆಳಗೇ

ಘಟ್ಟದ ಸುತ್ತು ಮುಗಿಸಿದವರು ನೇರ ಮನೆಗೆ ಹೋಗದೆ ಒಂದು ರಾತ್ರಿಯನ್ನು ಕಡಲ ಬದಿಗೆ ಇಟ್ಟುಕೊಳ್ಳಲಿ. ಬೈಂದೂರಿನ ಒತ್ತಿನೆಣೆಯ ಗುಡ್ಡ, ಮರವಂತೆ, ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಾಂಡ್ಲಾ ಗಿಡಗಳ ನಡುವಿನ ಕಯಾಕಿಂಗ್, ಕುಂದಾಪುರದ ಕೋಡಿ. ಇವುಗಳಲ್ಲಿ ಯಾವುದಾದರೂ ಒಂದು.

ಕೋಡಿಯ ಎದುರಿಗೇ ಗಂಗೊಳ್ಳಿಯ ಅಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವುದು ಇಲ್ಲೇ. ಕೊಡಚಾದ್ರಿಯ ಬುಡದಲ್ಲಿ ನೀವು ಕಾಲು ತೊಳೆದ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿಗೆ ಕೈಯಳತೆಯಲ್ಲಿ ಬಂದು, ಸೇರದೆ ದಕ್ಷಿಣಕ್ಕೆ ತಿರುಗಿ ಇಲ್ಲಿಯವರೆಗೆ ನಡೆದು ಬಂದಿದೆ. ಮಾಣಿಯಲ್ಲಿ ಕಂಡ ವಾರಾಹಿಯ ನೀರು ಮಾತ್ರ ಇನ್ನೂ ಬಂದಿರುವುದಿಲ್ಲ. ವಿದ್ಯುದಾಗಾರ ಕರೆದಾಗಷ್ಟೇ ಅದು ಸುರಂಗ ಇಳಿದು ಹೊಸಂಗಡಿಗೆ ಬರಬೇಕು, ಹಾಲಾಡಿ, ಬಸ್ರೂರು ದಾಟಬೇಕು. ಡಿಸೆಂಬರಿನಲ್ಲಿ ಬೆಟ್ಟದ ಮೇಲೆ ನಿಂತು ನೋಡಿದ ನೀರು ಅಳಿವೆಗೆ ತಲುಪುವಾಗ ಬೇಸಿಗೆಯೇ ಆಗಿರಬಹುದು. ಅಷ್ಟರಲ್ಲಿ ನೆಂಟರ ಔತಣಗಳೆಲ್ಲ ಮುಗಿದಿರುತ್ತವೆ. ಒಂದು ಭಾನುವಾರ ಸಂಜೆ ಬಿಡುವು ಮಾಡಿಕೊಂಡು, ನೀರ್ ಕಾಂಬುಕೆ ಹೋಪುದಾ ಎಂದು ಕೇಳಿದ ಹಿರಿಯರನ್ನೂ ಕರೆದುಕೊಂಡು ಕೋಡಿಗೆ ಹೋಗಿ ಬನ್ನಿ.